ಚಳಿ ಬೇಡುವ ಲಿಲ್ಲಿ: ಗಡ್ಡೆ ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಚಳಿಗಾಲ ಸಮೀಪಿಸುತ್ತಿದ್ದಂತೆ ನಗರದ ನರ್ಸರಿಗಳಲ್ಲಿ ಬಣ್ಣದ ಚಿತ್ರ ಹೊತ್ತ ಲಿಲ್ಲಿ ಗಡ್ಡೆಗಳ ಪೊಟ್ಟಣಗಳು ಕಾಣಿಸಿಕೊಳ್ಳುತ್ತವೆ. 'ಬಹುವಾರ್ಷಿಕ ಸಸ್ಯ' ಎಂಬ ಒಕ್ಕಣೆಯೂ ಅದರ ಮೇಲಿರುತ್ತದೆ. ಮೊದಲ ಸಲ ಅಂಗೈಯಗಲದ ಹೂಗಳು ಅರಳಿ ಮನೆಮಂದಿಯೆಲ್ಲ ಬೀಗುತ್ತಾರೆ. ಮರುವರ್ಷ ಬಡಕಲು ಕಾಂಡ, ಒಂದೋ ಎರಡೋ ಮೊಗ್ಗು. ಮೂರನೆಯ ವರ್ಷ ಕುಂಡದಲ್ಲಿ ಉಳಿಯುವುದು ಬರಿಯ ಮಣ್ಣು. ಗೊಬ್ಬರ ಹೆಚ್ಚಾಯಿತೋ, ನೀರು ಕಡಿಮೆಯಾಯಿತೋ ಎಂದು ಕೊರಗುವ ಕೈತೋಟಪ್ರಿಯರು ಬಹಳ. ವಾಸ್ತವದಲ್ಲಿ ಕೊರತೆಯಾದದ್ದು ಚಳಿ.

'ಲಿಲ್ಲಿ' ಎಂಬ ಹೆಸರು ತೀರ ಸಡಿಲವಾಗಿ ಬಳಕೆಯಾಗುತ್ತಿರುವುದರಿಂದ ಈ ಗೊಂದಲ ಇನ್ನಷ್ಟು ಬೆಳೆದಿದೆ. ಮಳೆ ಬಿದ್ದೊಡನೆ ಅರಳುವ ಮಳೆ ಲಿಲ್ಲಿ, ಜೇಡದ ಕಾಲಿನಂಥ ಎಸಳುಗಳ ಸ್ಪೈಡರ್ ಲಿಲ್ಲಿ, ಬೇಸಿಗೆಯಲ್ಲಿ ಕೆಂಪು ಚೆಂಡಿನಂತೆ ಮೇಲೇಳುವ ಫುಟ್‌ಬಾಲ್ ಲಿಲ್ಲಿ ಇವೆಲ್ಲವೂ ಅಮರಿಲ್ಲಿಸ್ ಕುಟುಂಬಕ್ಕೆ ಸೇರಿದವು. ಒಂದೇ ದಿನಕ್ಕೆ ಬಾಡುವ ಹೂಗಳ ಡೇ ಲಿಲ್ಲಿ ಬೇರೆಯೇ ಕುಲದ್ದು. ಸಸ್ಯಶಾಸ್ತ್ರದ ಪ್ರಕಾರ ನಿಜವಾದ ಲಿಲ್ಲಿಗಳೆಂದರೆ ಲಿಲಿಯಂ ಕುಲದ ನೂರಕ್ಕೂ ಹೆಚ್ಚು ಪ್ರಭೇದಗಳು ಮಾತ್ರ. ಅವುಗಳಲ್ಲಿ ಹೆಚ್ಚಿನವು ಉತ್ತರ ಗೋಳಾರ್ಧದ ತಂಪು ನಾಡುಗಳಿಗೆ ಸೇರಿದವು. ದಕ್ಷಿಣ ಭಾರತದಲ್ಲಿ ಕಾಡುಗಿಡವಾಗಿ ಬೆಳೆಯುವುದು ಉದ್ದನೆಯ ಬಿಳಿ ಕಹಳೆಯಂಥ ಹೂವಿನ ನೀಲಗಿರಿ ಲಿಲ್ಲಿ. ಅದೂ ನೀಲಗಿರಿ, ಪಳನಿ ಮುಂತಾದ ಎತ್ತರದ ಬೆಟ್ಟಗಳನ್ನು ಬಿಟ್ಟು ಕೆಳಗಿಳಿದಿಲ್ಲ.

ಗಡ್ಡೆಯ ಒಳಗುಟ್ಟು

ಈರುಳ್ಳಿಗೆ ಒಣ ಸಿಪ್ಪೆಯ ಹೊದಿಕೆ ಇದೆ, ಲಿಲ್ಲಿ ಗಡ್ಡೆಗೆ ಇಲ್ಲ. ರಸಭರಿತ ಪೊರೆಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕುಳಿತಿರುತ್ತವೆ. ಹೀಗಾಗಿ ಗಾಳಿಗಿಟ್ಟರೆ ಗಡ್ಡೆ ಒಣಗುತ್ತದೆ, ನೀರು ನಿಂತರೆ ಕೊಳೆಯುತ್ತದೆ. ಎಲೆಯುದುರಿದ ಮೇಲೂ ಅದು ಪೂರ್ತಿ ನಿದ್ರಿಸುವುದಿಲ್ಲ. ಚಳಿಗಾಲದ ತಣ್ಣನೆಯ ಮಣ್ಣಿನಲ್ಲಿ ಅದರೊಳಗಿನ ಪಿಷ್ಟ ಸಕ್ಕರೆಯಾಗಿ ಮಾರ್ಪಡುತ್ತ, ನಡುವಿನ ಕುಡಿ ಮುಂದಿನ ಬೆಳವಣಿಗೆಗೆ ಅಣಿಯಾಗುತ್ತದೆ. ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಆರರಿಂದ ಎಂಟು ವಾರ ಕಳೆದ ಗಡ್ಡೆ ಮಾತ್ರ ನೆಟ್ಟಗೆ ಕಾಂಡ ಎತ್ತಿ ಹೂ ಕೊಡುತ್ತದೆ. ಓರಿಯೆಂಟಲ್ ತಳಿಗಳಿಗೆ ಇನ್ನೂ ಕೆಲವು ವಾರ ಬೇಕಾಗಬಹುದು.

ಬೆಂಗಳೂರಿನಲ್ಲಿ ಡಿಸೆಂಬರ್-ಜನವರಿಯ ರಾತ್ರಿಗಳ ಸರಾಸರಿ ಉಷ್ಣಾಂಶ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಗರದ ಇತಿಹಾಸದಲ್ಲಿ ದಾಖಲಾದ ಅತಿ ಕನಿಷ್ಠ ಉಷ್ಣಾಂಶವೇ 7.8 ಡಿಗ್ರಿ, ಅದು 1884ರ ಜನವರಿಯ ಮಾತು. ನೂರಾರು ವರ್ಷಕ್ಕೊಮ್ಮೆ ಬರುವ ಅಂಥ ರಾತ್ರಿಯೂ ಲಿಲ್ಲಿಗೆ ಸಾಲದು. ಮಡಿಕೇರಿ, ಚಿಕ್ಕಮಗಳೂರು ಕಡೆಯ ಬೆಟ್ಟಗಳಲ್ಲಿ ಹೂ ಇನ್ನಷ್ಟು ದಿನ ಬಾಳೀತು, ಆದರೆ ವಾರಗಟ್ಟಲೆ ಐದು ಡಿಗ್ರಿಯ ಚಳಿ ಅಲ್ಲಿಯೂ ಇಲ್ಲ. ಇದರ ಮೇಲೆ ಮುಂಗಾರಿನ ಬೆಚ್ಚಗಿನ ಒದ್ದೆ ಮಣ್ಣು ಪೊರೆಗಳನ್ನು ಕೊಳೆಸುತ್ತದೆ. ನರ್ಸರಿಯವರನ್ನು ದೂರಿ ಫಲವಿಲ್ಲ. ಪೊಟ್ಟಣದ ಮೇಲಿನ ಮಾತು ಅದು ಹುಟ್ಟಿದ ನಾಡಿನಲ್ಲಿ ನಿಜವೇ.

ಯುರೋಪು, ಅಮೆರಿಕಗಳ ತೋಟದಂಚಿನ ಪಾತಿಗಳಲ್ಲಿ ಒಮ್ಮೆ ಹೂಳಿದ ಲಿಲ್ಲಿ ಹತ್ತಾರು ವರ್ಷ ತಾನಾಗಿ ಮೇಲೆದ್ದು ಬರುವುದುಂಟು. ಆ ತೋಟಗಳ ಅಚ್ಚುಮೆಚ್ಚಿನ ರೀಗಲ್ ಲಿಲ್ಲಿಯ ಕಥೆ ಸ್ವಾರಸ್ಯಕರ. ಚೀನಾದ ಸಿಚುವಾನ್ ಪ್ರಾಂತದ ಮಿನ್ ನದೀ ಕಣಿವೆಯಲ್ಲಿ, ಕೊರೆಯುವ ಚಳಿಗಾಲ ಮತ್ತು ಸುಡುವ ಬೇಸಿಗೆಗಳ ನಡುವೆ ಬೆಳೆಯುವ ಈ ಹೂವನ್ನು ಇಂಗ್ಲೆಂಡಿನ ಸಸ್ಯಾನ್ವೇಷಕ ಅರ್ನೆಸ್ಟ್ ವಿಲ್ಸನ್ ಹೊರಜಗತ್ತಿಗೆ ತಂದ. 1910ರಲ್ಲಿ ಬಾಸ್ಟನ್ನಿನ ಅರ್ನಾಲ್ಡ್ ಸಸ್ಯೋದ್ಯಾನಕ್ಕಾಗಿ ಸಾವಿರಾರು ಗಡ್ಡೆಗಳನ್ನು ಗೊತ್ತುಮಾಡಿ ಮರಳುವಾಗ ಬೆಟ್ಟ ಕುಸಿದು ಅವನ ಕಾಲು ಮುರಿಯಿತು. ಕ್ಯಾಮೆರಾದ ಮುಕ್ಕಾಲಿಯನ್ನೇ ದಬ್ಬೆಯಾಗಿ ಕಟ್ಟಿದರು. ಇಕ್ಕಟ್ಟಾದ ದಾರಿಯಲ್ಲಿ ಮಲಗಿದ್ದ ಅವನನ್ನು ಎದುರಿನಿಂದ ಬಂದ ಹೇಸರಗತ್ತೆಗಳ ಸಾಲು ತುಳಿಯದೆ ದಾಟಿಹೋಯಿತು. ವಿಲ್ಸನ್ ಮುಂದೆ ಬದುಕಿರುವವರೆಗೂ ಕುಂಟಿದ. ಅದನ್ನು ತನ್ನ 'ಲಿಲ್ಲಿ ಕುಂಟು' ಎಂದೇ ಕರೆದುಕೊಂಡ.

ಇಂದಿನ ಮಾರುಕಟ್ಟೆಯನ್ನು ಆಳುತ್ತಿರುವುದು ಮಿಶ್ರತಳಿಗಳು. ಏಷ್ಯಾಟಿಕ್ ತಳಿಗಳಿಗೆ ಗಾಢ ಬಣ್ಣವುಂಟು, ಪರಿಮಳವಿಲ್ಲ, ಬೇಗ ಹೂಬಿಡುತ್ತವೆ. ಓರಿಯೆಂಟಲ್ ತಳಿಗಳದ್ದು ಕೋಣೆ ತುಂಬುವ ಪರಿಮಳ, ಆದರೆ ನಿಧಾನ. ಸುಣ್ಣದಂಶದ ಮಣ್ಣು ಅವಕ್ಕೆ ಒಗ್ಗದು. ಲೆಸ್ಲಿ ವುಡ್‌ರಿಫ್ ಎಂಬಾತ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪಿಸಿದ ಕೆಂಗುಲಾಬಿ ವರ್ಣದ 'ಸ್ಟಾರ್‌ಗೇಜರ್' ಈ ಗುಂಪಿನದು. ಅದರ ಹೂ ಬಗ್ಗದೆ ಮೇಲ್ಮುಖವಾಗಿ ನಿಲ್ಲುವುದರಿಂದ ಹೂಗುಚ್ಛದ ವ್ಯಾಪಾರಕ್ಕೆ ಹೇಳಿ ಮಾಡಿಸಿದಂತಾಯಿತು. ಗಡ್ಡೆ ಉತ್ಪಾದನೆಯಲ್ಲಿ ನೆದರ್ಲೆಂಡ್ಸ್ ಮುಂಚೂಣಿಯಲ್ಲಿದೆ. ಅಲ್ಲಿ ಗಡ್ಡೆಗಳನ್ನು ಘನೀಭವನ ಬಿಂದುವಿಗಿಂತ ತುಸು ಕೆಳಗಿನ ಶೀತದಲ್ಲಿ ತಿಂಗಳುಗಟ್ಟಲೆ ಕಾಯ್ದಿಟ್ಟು ಬೇಕೆಂದಾಗ ರವಾನಿಸುತ್ತಾರೆ. ಭಾರತದ ಪಾಲಿಹೌಸ್ ಬೆಳೆಗಾರರೂ ಬಹುಮಟ್ಟಿಗೆ ಆಮದು ಗಡ್ಡೆಗಳನ್ನೇ ನಂಬಿದ್ದಾರೆ. ನಮ್ಮ ಕೈಗೆ ಬರುವ ಗಡ್ಡೆ, ಹೀಗೆ, ಒಂದು ಚಳಿಗಾಲವನ್ನು ಒಳಗೆ ತುಂಬಿಕೊಂಡೇ ಬಂದಿರುತ್ತದೆ. ಅದು ಖರ್ಚಾದ ಮೇಲೆ ಮತ್ತೊಂದನ್ನು ನಾವು ಕೊಡಲಾರೆವು.

ಇಲ್ಲಿ ಬೆಳೆಯುವ ಬಗೆ

ಒಂದೇ ಋತುವಿನ ಹೂವೆಂದು ಒಪ್ಪಿಕೊಂಡರೆ ಲಿಲ್ಲಿ ಬೆಳೆಯುವುದು ಕಷ್ಟವೇನಲ್ಲ. ಮಳೆ ನಿಂತು ರಾತ್ರಿ ತಂಪಾದ ಮೇಲೆ, ನವೆಂಬರ್ ಹೊತ್ತಿಗೆ, ಗಟ್ಟಿಯಾದ, ಬೂಷ್ಟು ಹಿಡಿಯದ ಗಡ್ಡೆಗಳನ್ನು ಆರಿಸಿ ತಂದ ದಿನವೇ ನೆಡಬೇಕು. ಅನೇಕ ತಳಿಗಳಲ್ಲಿ ಗಡ್ಡೆಯ ಮೇಲಿನ ಕಾಂಡದಿಂದಲೂ ಬೇರು ಹೊರಡುತ್ತದೆ. ಆದ್ದರಿಂದ ಗಡ್ಡೆಯ ಮೇಲೆ 10ರಿಂದ 15 ಸೆಂಟಿಮೀಟರ್ ಮಣ್ಣಿರಬೇಕು. ಆಳವಿಲ್ಲದ ಕುಂಡ ಇಲ್ಲಿ ದೊಡ್ಡ ಶತ್ರು. ಮಣ್ಣು, ತೆಂಗಿನ ನಾರಿನ ಪುಡಿ, ಮರಳು, ಚೆನ್ನಾಗಿ ಕಳಿತ ಗೊಬ್ಬರದ ಮಿಶ್ರಣ ಸಾಕು. ಹಸಿ ಸಗಣಿ ಬೇಡ. ಬೆಳಗಿನ ಬಿಸಿಲು ಗಿಡದ ತಲೆಗೆ ಬೀಳಲಿ, ಬುಡ ನೆರಳಲ್ಲಿ ತಂಪಾಗಿರಲಿ. ಏಷ್ಯಾಟಿಕ್ ಬಗೆಯಾದರೆ ಸುಮಾರು ಎರಡೂವರೆ, ಮೂರು ತಿಂಗಳಲ್ಲಿ ಹೂ ಕಾಣಬಹುದು.

ಮರುವರ್ಷಕ್ಕೂ ಪ್ರಯತ್ನಿಸುವ ಹಟವಿದ್ದವರು ಹೂ ಬಾಡಿದ ಮೇಲೆ ಎಲೆಗಳು ತಾವಾಗಿ ಹಳದಿಯಾಗುವವರೆಗೂ ಕಾಯಬೇಕು. ಆಮೇಲೆ ಗಡ್ಡೆ ಕಿತ್ತು, ತುಸು ತೇವದ ನಾರಿನ ಪುಡಿಯೊಂದಿಗೆ ತೂತಿರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಎಂಟು ವಾರ ಇರಿಸಬೇಕು. ಪಕ್ಕದಲ್ಲಿ ಸೇಬು, ಬಾಳೆಹಣ್ಣು ಕೂಡದು. ಮಾಗುವ ಹಣ್ಣು ಹೊರಸೂಸುವ ಎಥಿಲೀನ್ ಅನಿಲ ಕುಡಿಯನ್ನು ಕೆಡಿಸುತ್ತದೆ. ಹೂ ಸಿಕ್ಕರೂ ಮೊದಲಿನಷ್ಟು ಸಿಗದು. ಜಪಾನಿನ ದಕ್ಷಿಣ ದ್ವೀಪಗಳ ಈಸ್ಟರ್ ಲಿಲ್ಲಿ ಮತ್ತು ತೈವಾನಿನ ಫಾರ್ಮೋಸಾ ಲಿಲ್ಲಿಗಳಿಗೆ ಉಳಿದವಕ್ಕಿಂತ ಕಡಿಮೆ ಚಳಿ ಸಾಕು. ಎರಡನೆಯದನ್ನು ಬೀಜದಿಂದಲೂ ಬೆಳೆಸಬಹುದು.

ಹೂದಾನಿಗೆ ಕೊಯ್ಯುವವರು ಕೆಳಗಿನ ಮೊದಲ ಮೊಗ್ಗಿಗೆ ಬಣ್ಣ ಬಂದಾಗ ನಸುಕಿನಲ್ಲಿ ಕೊಯ್ಯಬೇಕು. ಗಡ್ಡೆ ಉಳಿಯಬೇಕಿದ್ದರೆ ಎಲೆಸಹಿತ ಕಾಂಡದ ಮೂರನೇ ಒಂದು ಭಾಗವನ್ನಾದರೂ ಗಿಡದಲ್ಲೇ ಬಿಡಬೇಕು. ಅರಳಿದೊಡನೆ ಕೇಸರಗಳನ್ನು ಚಿವುಟಿದರೆ ಬಟ್ಟೆಗೆ ಕಲೆಯಾಗದು. ಆದರೂ ಪರಾಗ ಅಂಟಿದರೆ ನೀರು ಹಾಕಿ ಉಜ್ಜದೆ ಅಂಟುಪಟ್ಟಿಯಿಂದ ಎತ್ತುವುದು ಲೇಸು.

ಬೆಕ್ಕಿರುವ ಮನೆಯಲ್ಲಿ

ಹೂವಿನಂಗಡಿಯಲ್ಲಿ ಸಾಮಾನ್ಯವಾಗಿ ಯಾರೂ ಹೇಳದ ವಿಷಯವೊಂದಿದೆ. ನಿಜ ಲಿಲ್ಲಿಗಳ ಮತ್ತು ಡೇ ಲಿಲ್ಲಿಯ ಎಲ್ಲ ಭಾಗಗಳೂ ಬೆಕ್ಕಿಗೆ ಪ್ರಾಣಾಂತಿಕ. ಒಂದೆರಡು ಎಲೆ ಕಚ್ಚಿದರೆ, ಮೈಗೆ ಅಂಟಿದ ಪರಾಗವನ್ನು ನೆಕ್ಕಿಕೊಂಡರೆ, ಹೂದಾನಿಯ ನೀರು ಕುಡಿದರೆ ಸಾಕು, ಎರಡು ಮೂರು ದಿನಗಳಲ್ಲಿ ಮೂತ್ರಪಿಂಡ ವಿಫಲವಾಗಬಹುದು. ವಾಂತಿ, ಮಂಕು, ಆಹಾರ ನಿರಾಕರಣೆ ಮೊದಲ ಲಕ್ಷಣಗಳು. ಅವು ಕಾಣುವವರೆಗೂ ಕಾಯದೆ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ತಡವಾದಷ್ಟೂ ಬದುಕುವ ಸಾಧ್ಯತೆ ಕುಗ್ಗುತ್ತದೆ. ಬೆಕ್ಕು ಸಾಕಿದವರ ಮನೆಗೆ ಲಿಲ್ಲಿಯ ಗುಚ್ಛವನ್ನು ಉಡುಗೊರೆಯಾಗಿ ಒಯ್ಯದಿರುವುದೇ ಸೌಜನ್ಯ.

ವರ್ಷ ವರ್ಷವೂ ಮರಳಿ ಬರುವ ಹೂವೇ ಪಾತಿಯಂಚಿಗೆ ಬೇಕೆನ್ನುವವರು ಮಳೆ ಲಿಲ್ಲಿ, ಸ್ಪೈಡರ್ ಲಿಲ್ಲಿಗಳನ್ನು ನೆಚ್ಚಬಹುದು. ಬೆಕ್ಕಿಲ್ಲದವರಿಗೆ ಡೇ ಲಿಲ್ಲಿಯೂ ಆದೀತು. ಹೂದಾನಿಗೆ ಸುಗಂಧರಾಜವಿದೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಪ್ರಜ್ವಲ್', 'ಶೃಂಗಾರ್' ತಳಿಗಳು ಹೆಸರಾದವು. ನಮ್ಮದೇ ನೆಲದ ಬೆರಗು ಬೇಕಿದ್ದರೆ ಬೇಲಿಗೆ ಹಬ್ಬಿಸಲು ಅಗ್ನಿಶಿಖೆಯಿದೆ. ಬೇಸಿಗೆಯಲ್ಲಿ ಮಣ್ಣಿನಡಿ ಮಲಗಿದ್ದು ಮುಂಗಾರಿಗೆ ಚಿಗುರುವ ಈ ಬಳ್ಳಿ ಚಳಿಯನ್ನು ಬೇಡುವುದಿಲ್ಲ. ಆದರೆ ಗೆಣಸನ್ನು ಹೋಲುವ ಅದರ ಗಡ್ಡೆಯಲ್ಲಿ ಕೊಲ್ಚಿಸಿನ್ ಎಂಬ ಘೋರ ವಿಷವಿದೆ. ಮಕ್ಕಳು ಮಣ್ಣಾಡುವ ಜಾಗದಿಂದ ಅದನ್ನು ದೂರ ನೆಡಬೇಕು, ಕಿತ್ತ ಗಡ್ಡೆಯನ್ನು ಅಡುಗೆಮನೆಯತ್ತ ತರಲೇಬಾರದು.