ಅಜ್ಜಿಯ ಹರಳೆಣ್ಣೆಯೂ ಮಗನ ರೇಸ್ ಕಾರೂ

ಹೋದ ತಿಂಗಳು ಒಂದು ಭಾನುವಾರ ನಮ್ಮ ಮನೆಯಲ್ಲಿ ಎಣ್ಣೆಯ ವಿಷಯಕ್ಕೆ ದೊಡ್ಡ ಜಗಳವೇ ಆಯಿತು. ಅಡುಗೆ ಎಣ್ಣೆಯಲ್ಲ, ಇಂಜಿನ್ ಆಯಿಲ್!

ನಮ್ಮ ಮಾವನವರು ಬಿಟ್ಟುಹೋದ ಪ್ರೀಮಿಯರ್ ಪದ್ಮಿನಿಯೊಂದಿದೆ. ನನ್ನ ಮಗ ಮತ್ತು ಅವನ ಸೋದರಮಾವ ಸೇರಿ ಅದರ ಹಿಂದಿನ ಸೀಟು ಕಿತ್ತು, ಒಳಗೆ ಕಬ್ಬಿಣದ ಪಂಜರ ಕೂರಿಸಿ, ಚೆನ್ನೈ ಹೊರಗಿನ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಓಡಿಸಲು ತಯಾರು ಮಾಡಿದ್ದಾರೆ. ಆ ದಿನ ಮಗರಾಯ ಹರಳೆಣ್ಣೆಯಿಂದ ಮಾಡಿದ ರೇಸಿಂಗ್ ಆಯಿಲಿನ ಡಬ್ಬಿ ತಂದ. "ಅಪ್ಪ, ಇಂಜಿನ್‌ನಲ್ಲಿರೋ ಆಯಿಲ್ ಜೊತೆ ಇದನ್ನೂ ಅರ್ಧ ಲೀಟರ್ ಹಾಕ್ತೀನಿ. ಹಳೇ ರೇಸ್‌ಗಳ ವಾಸನೆ ಬರುತ್ತೆ" ಅಂದ. ನನ್ನ ಹೆಂಡತಿಗೆ ಅದು ಬರೀ ಕಾರಲ್ಲ, ಅವಳ ಅಪ್ಪನ ನೆನಪು. "ಇಂಜಿನ್ ಕೆಟ್ಟರೆ ನೋಡು" ಅಂತ ಗದರಿದಳು. ತೀರ್ಪು ಹೇಳುವ ಕೆಲಸ ನನ್ನ ತಲೆಗೆ ಬಂತು. ನಾನು ಬಿ.ಕಾಂ., ಲೆಡ್ಜರ್ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಆದರೆ ಹರಳೆಣ್ಣೆ ಗೊತ್ತು!

ತಿಪಟೂರಿನ ಹತ್ತಿರ ನಮ್ಮೂರು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹರಳು ಗಿಡ ಇರುತ್ತಿತ್ತು. ಅಜ್ಜಿ ಹರಳು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ತೆಗೆದಿಡುತ್ತಿದ್ದರು. ತಲೆಗೂ ಅದೇ, ಹೊಟ್ಟೆಗೂ ಅದೇ. ಹುಲ್ಲು ಸುಟ್ಟ ಮಸಿ ಬೆರೆಸಿದರೆ ಗಾಡಿ ಅಚ್ಚಿಗೆ ಕೀಲೆಣ್ಣೆ. ರೈಲು ಬಂದ ಮೇಲೆ ಅದರ ದೀಪಗಳಿಗೂ ಕೀಲುಗಳಿಗೂ ಹರಳೆಣ್ಣೆ ಉಪಯೋಗಿಸಿದ್ದುಂಟು.

ಇದೇ ಎಣ್ಣೆ ಸೀಮೆಗೆ ಹೋಗಿ ದೊಡ್ಡ ಹೆಸರು ಮಾಡಿತು. ಚಾರ್ಲ್ಸ್ ವೇಕ್‌ಫೀಲ್ಡ್ ಎಂಬಾತ 1899ರಲ್ಲಿ ಲಂಡನ್ನಿನಲ್ಲಿ ಎಣ್ಣೆ ಕಂಪನಿ ಶುರುಮಾಡಿದ. ಮೋಟಾರು, ವಿಮಾನಗಳು ಬಂದಾಗ ಆ ಕಂಪನಿ ಹರಳೆಣ್ಣೆ ಬೆರೆಸಿದ ಹೊಸ ಆಯಿಲ್ ತಯಾರಿಸಿ, 1909ರಲ್ಲಿ ಅದಕ್ಕೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿತು. ಹರಳೆಣ್ಣೆಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಆಯಿಲ್, ಅದರಿಂದ ಕ್ಯಾಸ್ಟ್ರಾಲ್. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಹರಳೆಣ್ಣೆಯೇ ಯಾಕೆ? ಆಗಿನ ಖನಿಜ ತೈಲಗಳು ಕಾವು ಏರಿದರೆ ನೀರಾಗಿ ಲೋಹದಿಂದ ಜಾರಿಬಿಡುತ್ತಿದ್ದವು. ಹರಳೆಣ್ಣೆಯ ಬಹುಪಾಲು ರಿಸಿನೋಲಿಕ್ ಆಮ್ಲ. ಅದು ಲೋಹಕ್ಕೆ ಅಂಟಿಕೊಳ್ಳುತ್ತದೆ, ಬಿಸಿಯಲ್ಲೂ ಪದರ ಬಿಡುವುದಿಲ್ಲ. ಇನ್ನೊಂದು ಗುಣ, ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಮೊದಲ ಮಹಾಯುದ್ಧದ ಸಾಪ್‌ವಿತ್ ಕ್ಯಾಮಲ್‌ನಂಥ ವಿಮಾನಗಳಲ್ಲಿ ಇಡೀ ಇಂಜಿನ್ನೇ ಗಿರಗಿರ ತಿರುಗುತ್ತಿತ್ತು. ಪೆಟ್ರೋಲೂ ಎಣ್ಣೆಯೂ ಒಂದೇ ಹೊಟ್ಟೆಯೊಳಗೆ ಹಾಯ್ದು, ಉಳಿದ ಎಣ್ಣೆ ಹೊಗೆಯಾಗಿ ಪೈಲಟ್ಟಿನ ಮುಖಕ್ಕೆ ಬಡಿಯುತ್ತಿತ್ತು. ಪಾಪ, ಅವರ ಹೊಟ್ಟೆಯ ಪಾಡನ್ನು ಅಜ್ಜಿಯಿಂದ ಹರಳೆಣ್ಣೆ ಕುಡಿದವರು ಊಹಿಸಿಕೊಳ್ಳಬಹುದು! ಬೇಡಿಕೆ ಎಷ್ಟಿತ್ತೆಂದರೆ 1918ರಲ್ಲಿ ಅಮೆರಿಕ ತನ್ನ ಹೊಲಗಳಲ್ಲಿ ಹರಳು ಬೆಳೆಸಲು ಭಾರತದಿಂದ ಬೀಜ ತರಿಸಿಕೊಂಡಿತು.

ಯುದ್ಧ ಮುಗಿದರೂ ರೇಸ್ ಟ್ರ್ಯಾಕುಗಳಲ್ಲಿ ಆ ವಾಸನೆ ಉಳಿಯಿತು. ನಮ್ಮ ಮದ್ರಾಸಿನ ರೇಸಿನ ಕಥೆಯೂ ಹಳೆಯದೇ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ್ದು 1953ರಲ್ಲಿ. ಶೋಲಾವರಂನ ಹಳೆಯ ವಿಮಾನದ ಓಡುದಾರಿಯಲ್ಲಿ ರೇಸು. ಫಿಯೆಟ್, ಹೆರಾಲ್ಡ್‌ಗಳಂಥ ಮನೆಬಳಕೆಯ ಕಾರುಗಳನ್ನೇ ತಿದ್ದಿ ತೀಡಿ ತರುತ್ತಿದ್ದರು. ನಾನು ಅದನ್ನು ನೋಡಿಲ್ಲ. ನಮ್ಮ ಬ್ರಾಂಚಿನ ಹಿರಿಯ ಸಹೋದ್ಯೋಗಿಯೊಬ್ಬರು ಮಾತ್ರ ಅಲ್ಲಿನ ಹೊಗೆಯ ವಾಸನೆ ನೆನೆಸಿಕೊಂಡು ಈಗಲೂ ಕಣ್ಣು ಮುಚ್ಚುತ್ತಾರೆ.

ಹಾಗಾದರೆ ಹರಳೆಣ್ಣೆ ಸೋತದ್ದೆಲ್ಲಿ? ಅದು ಗಾಳಿ, ಬಿಸಿಗೆ ಅಂಟಾಗುತ್ತದೆ. ಅಜ್ಜಿಯ ದೀಪದ ಕಂಬದ ಜಿಡ್ಡು ನೆನಪಿಸಿಕೊಳ್ಳಿ, ಅದೇ ಜಿಡ್ಡು ಪಿಸ್ಟನ್ ರಿಂಗುಗಳಲ್ಲಿ ಕೂತರೆ ಗತಿ ಏನು? ರೇಸ್ ಮುಗಿದ ಕೂಡಲೇ ಬಸಿದು ತೆಗೆಯಬೇಕು. ಎಲ್ಲಕ್ಕಿಂತ ಮುಖ್ಯ, ಮಾಮೂಲಿ ಖನಿಜ ತೈಲದ ಜೊತೆ ಅದು ಸರಿಯಾಗಿ ಬೆರೆಯುವುದಿಲ್ಲ. ಬೇರ್ಪಟ್ಟು ಗಸಿ ಕಟ್ಟಿ ಎಣ್ಣೆಯ ದಾರಿ ಮುಚ್ಚಬಹುದು. ಇಂಜಿನ್ ಪೂರ್ತಿ ಬಿಚ್ಚಿ ತೊಳೆಯದೆ ಒಂದರಿಂದ ಇನ್ನೊಂದಕ್ಕೆ ಹೋಗುವಂತಿಲ್ಲ. ಮಗನ ಅರ್ಧ ಲೀಟರಿಗೆ ಇಲ್ಲೇ ತೀರ್ಪು ಸಿಕ್ಕಿತು.

ಭಾವಮೈದುನ ಬೇರೆ ದಾರಿ ಹಿಡಿದರು: "ಹಾಗಿದ್ರೆ ಭಾವ, ಹೊಸ ಕಾರುಗಳ ತೆಳು ಸಿಂಥೆಟಿಕ್ ಹಾಕೋಣ, ದುಬಾರಿ, ಒಳ್ಳೇದಿರುತ್ತೆ." ಅದಕ್ಕೂ ಚರಿತ್ರೆಯೇ ಉತ್ತರ ಹೇಳಿತು. 1940ರ ದಶಕದಲ್ಲಿ ಖನಿಜ ತೈಲಕ್ಕೆ ಸತುವು, ರಂಜಕ ಇರುವ ಜಡ್‌ಡಿಡಿಪಿ ಎಂಬ ಪುಡಿಗಾಸಿನ ರಾಸಾಯನಿಕ ಸೇರಿಸಲು ಕಲಿತರು. ಲೋಹಕ್ಕೆ ಲೋಹ ಉಜ್ಜುವ ಕಡೆ ಅದು ತೆಳು ಪದರ ಕಟ್ಟುತ್ತದೆ. ಅಂದರೆ ಹರಳೆಣ್ಣೆ ಮಾಡುತ್ತಿದ್ದ ಕೆಲಸವನ್ನೇ ಜಿಡ್ಡಿಲ್ಲದೆ ಮಾಡುತ್ತದೆ. ಆದರೆ ರಂಜಕ ಹೊಸ ಕಾರುಗಳ ಹೊಗೆ ಶುದ್ಧಿ ಮಾಡುವ ಸಾಧನವನ್ನು ಹಾಳುಮಾಡುತ್ತದಂತೆ. ಹಾಗಾಗಿ 2004ರಲ್ಲಿ ಬಂದ ಎಪಿಐ ಎಸ್‌ಎಂ ದರ್ಜೆಯಲ್ಲಿ ತೆಳು ಆಯಿಲುಗಳ ರಂಜಕವನ್ನು ಶೇ. 0.08ಕ್ಕೆ ಮಿತಗೊಳಿಸಿದರು. ಪದ್ಮಿನಿಯದು ಹಳೆಯ ಫಿಯೆಟ್ 1100ರ 1089 ಸಿಸಿ ಇಂಜಿನ್. ಅದರ ಕ್ಯಾಮ್ ಚಪ್ಪಟೆ ಟ್ಯಾಪೆಟ್ಟಿನ ಮೇಲೆ ಉಜ್ಜಿಕೊಂಡೇ ತಿರುಗುತ್ತದೆ. ಅದಕ್ಕೆ ಆ ಸತುವು, ರಂಜಕ ಬೇಕೇ ಬೇಕು.

ಕೊನೆಗೆ ನಮ್ಮ ಮೆಕ್ಯಾನಿಕ್ ಅಣ್ಣಾಚಿಯ ಹತ್ತಿರ ಹೋದೆವು. ಅವರು ನಕ್ಕು, ಚೆನ್ನೈ ಬಿಸಿಲಿಗೂ ಈ ಇಂಜಿನ್ನಿಗೂ ಸತುವು ಹೆಚ್ಚಿರುವ ಮಾಮೂಲಿ 20ಡಬ್ಲ್ಯು-50 ಸಾಕು, ಟ್ರ್ಯಾಕಿನಿಂದ ಬಂದ ಮೇಲೆ ಪ್ರತಿ ಸಲವೂ ಬದಲಾಯಿಸಿ ಅಂದರು. ಜೊತೆಗೆ ಒಂದು ಬುದ್ಧಿಮಾತು: ಬಿರುಸು ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪಿಗೆ ಸಿಗದೆ ಹೋದರೆ ಯಾವ ಬ್ರಾಂಡೂ ಕಾಯುವುದಿಲ್ಲ. ದುಬಾರಿ ಆಯಿಲಿನ ದುಡ್ಡು ಉಳಿಸಿ ಪ್ರೆಷರ್ ಗೇಜು, ಟೆಂಪರೇಚರ್ ಗೇಜು ಹಾಕಿಸಿದೆವು. ನನ್ನ ಬ್ಯಾಂಕ್ ಬುದ್ಧಿಗೆ ಇದು ಒಪ್ಪಿತು. ಸಾಲ ಕೊಡುವಾಗ ನಾವೂ ಅರ್ಜಿದಾರರ ಹೆಸರು ನೋಡುವುದಿಲ್ಲ, ಲೆಕ್ಕ ನೋಡುತ್ತೇವೆ.

ಹರಳೆಣ್ಣೆಯ ಡಬ್ಬಿ ಇನ್ನೂ ಬಾಲ್ಕನಿಯಲ್ಲಿದೆ. ಮೊನ್ನೆ ಮುಚ್ಚಳ ತೆಗೆದು ಮೂಸಿದೆ. ಮಗನಿಗೆ ರೇಸ್ ವಾಸನೆ, ನನಗೆ ಶನಿವಾರದ ಎಣ್ಣೆ ಸ್ನಾನ! ನಿಮ್ಮ ಮನೆಯಲ್ಲೂ ಹಳೇ ಫಿಯೆಟ್ ಇದ್ದರೆ, ಅದಕ್ಕೆ ನಿಮ್ಮ ಹಿರಿಯರು ಏನು ಹಾಕುತ್ತಿದ್ದರು ಅಂತ ತಿಳಿಸಿ.