ಮರಳಿನ ಗುಡ್ಡೆ

ಮಗಳ ಎರಡನೆಯ ಬಾಣಂತನಕ್ಕೆಂದು ಬಾಸ್ಟನ್ನಿಗೆ ಹೋಗಿದ್ದೆ. ಬೆಳಗಿನ ಎಣ್ಣೆ-ನೀರು, ಮೆಣಸಿನ ಸಾರಿನ ಗಡಿಬಿಡಿ ಮುಗಿದ ಮೇಲೆ ದೊಡ್ಡ ಮೊಮ್ಮಗನನ್ನು ಚಾರ್ಲ್ಸ್ ನದಿಯ ದಂಡೆಯ ಉದ್ಯಾನಕ್ಕೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಅಲ್ಲಿಗೆ ಹೋಗಬೇಕಾದರೆ ಕಾಲುಸೇತುವೆ ಹತ್ತಿ, ಕೆಳಗೆ ಬುರ್ರೆಂದು ಓಡುವ ಕಾರುಗಳ ರಸ್ತೆಯನ್ನು ದಾಟಬೇಕು. ನನ್ನ ಮಂಡಿನೋವಿಗೆ ಅದೊಂದು ಪರೀಕ್ಷೆ. "ಊರಿಗೂ ಹೊಳೆಗೂ ನಡುವೆ ಯಾವ ಪುಣ್ಯಾತ್ಮ ಈ ರಸ್ತೆ ಹಾಕಿದನೇ?" ಎಂದು ಮಗಳನ್ನು ಕೇಳಿದೆ. ಅವಳು ಲೈಬ್ರರಿಯಿಂದ ಒಂದೆರಡು ಪುಸ್ತಕ ತರಿಸಿಕೊಟ್ಟಳು.

ಕಥೆ ಶುರುವಾಗುವುದು ಮರಳಿನಿಂದ. ನಮ್ಮ ಓಣಿಯಲ್ಲಿ ಯಾರಾದರೂ ಮನೆ ಕಟ್ಟಲು ಮರಳು ಸುರಿಸಿದರೆ ಸಾಕು, ಪಾದದ ಮೇಲೆ ಹಸಿ ಮರಳು ತಟ್ಟಿ ಗುಬ್ಬಿಗೂಡು ಕಟ್ಟುತ್ತಿದ್ದೆವು, ಮೇಸ್ತ್ರಿಯಿಂದ ಬೈಸಿಕೊಳ್ಳುತ್ತಿದ್ದೆವು. ಬರ್ಲಿನ್ನಿನಲ್ಲಿ ಪಾರ್ಕಿನೊಳಗೇ ಮಕ್ಕಳಿಗೆಂದು ಮರಳು ಸುರಿದಿದ್ದರಂತೆ. ಅದನ್ನು ಕಂಡು 1885ರಲ್ಲಿ ಬಾಸ್ಟನ್ನಿಗೆ ಕಾಗದ ಬರೆದವರು ಮೇರಿ ಜಾಕ್ರ್‌ಜೆವ್‌ಸ್ಕಾ. ಹೆಸರು ಹೇಳಲು ನನ್ನ ನಾಲಿಗೆ ತೊಡರುತ್ತದೆ. ಊರವರೂ 'ಡಾಕ್ಟರ್ ಜಾಕ್' ಎಂದೇ ಕರೆಯುತ್ತಿದ್ದರಂತೆ. ಬರ್ಲಿನ್ನಿನಲ್ಲಿ ಹುಟ್ಟಿ, ಸೂಲಗಿತ್ತಿಯಾಗಿ, ಅಮೆರಿಕಕ್ಕೆ ಹೋಗಿ ವೈದ್ಯೆಯಾಗಿ, 1862ರಲ್ಲಿ ಬಾಸ್ಟನ್ನಿನಲ್ಲಿ ಹೆಂಗಸರು ಮಕ್ಕಳಿಗಾಗಿ ಆಸ್ಪತ್ರೆ ತೆರೆದ ಗಟ್ಟಿಗಿತ್ತಿ ಆಕೆ.

ಅಲ್ಲಿನ ಆರೋಗ್ಯ ಸಂಘವೊಂದರ ಮಹಿಳೆಯರು ಆ ಕಾಗದವನ್ನು ಮಡಿಸಿಡಲಿಲ್ಲ. ವಲಸೆ ಬಂದ ಬಡವರ ಕೇರಿಯಲ್ಲಿ, ಪಾರ್ಮೆಂಟರ್ ಬೀದಿಯ ಪ್ರಾರ್ಥನಾಮಂದಿರದ ಅಂಗಳದಲ್ಲಿ, ಮರಳು ಸುರಿಸಿಯೇಬಿಟ್ಟರು. ವಾರಕ್ಕೆ 3 ದಿನ, 6 ವಾರ, ಸರಾಸರಿ 15 ಮಕ್ಕಳು. ಮರದ ಪುಟ್ಟ ಸಲಿಕೆಗಳು, ನೋಡಿಕೊಳ್ಳಲು ನೆರೆಮನೆಯಾಕೆ ಒಬ್ಬಳು. ಅಷ್ಟೇ! ಅಮೆರಿಕದ ನಗರಗಳ ಮಕ್ಕಳ ಆಟದ ಬಯಲುಗಳ ಚರಿತ್ರೆಯನ್ನು ಬರೆದವರು ಮೊದಲ ಪುಟದಲ್ಲಿಡುವುದು ಈ ಮರಳಿನ ಗುಡ್ಡೆಯನ್ನು. 1887ರ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವವರಿಗೆ ಸಂಬಳವೂ ಸಿಕ್ಕಿತು. ಹೆಂಗಸರ ಕೆಲಸಕ್ಕೆ ಸಂಬಳ ಎಂದು ಓದಿದಾಗ, ನಾನು ಆ ಸಾಲನ್ನು ಮಗಳಿಗೆ ಗಟ್ಟಿಯಾಗಿ ಓದಿ ಹೇಳಿದೆ.

ಮುಂದೆ ನಗರಸಭೆ ನದಿಯ ದಂಡೆಯಲ್ಲಿ ಚಾರ್ಲ್ಸ್‌ಬ್ಯಾಂಕ್ ಎಂಬ ಉದ್ಯಾನ ಮಾಡಿಸಿತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ರೂಪಿಸಿದ ಓಮ್‌ಸ್ಟೆಡ್ ಅವರೇ ಇದರ ನಕ್ಷೆಯನ್ನೂ ಮಾಡಿದರು. 1889ರಲ್ಲಿ ಗಂಡಸರ ಬಯಲು ವ್ಯಾಯಾಮಶಾಲೆ ತೆರೆಯಿತು; ಹೆಂಗಸರದ್ದು 1891ರಲ್ಲಿ. ಅಲ್ಲೂ ಸರದಿಯಲ್ಲಿ ನಾವು ಹಿಂದೆಯೇ! ಆದರೂ ದುಡ್ಡು ಕೊಡದೆ, ಬಡವರ ಮನೆಯ ಹುಡುಗಿ ಬಂದು ಓಡಬಹುದು, ಹಗ್ಗ ಹಿಡಿದು ಹತ್ತಬಹುದು, ತೂಗಿಕೊಳ್ಳಬಹುದು. ನಡೆಸುವ ಹೊಣೆ ಅದೇ ಸಂಘದ್ದು. ಹೊರಗಿನವರ ಕಣ್ಣು ಬೀಳದಂತೆ ಸುತ್ತಲೂ ಪೊದೆ ಬೆಳೆಸಿದ್ದರು. ಇದೇನು ಮರೆ, ಪರದೆ ಎಂದು ಮೊದಲು ನನಗೆ ಸಿಟ್ಟು ಬಂತು. ಆಮೇಲೆ ನನ್ನದೇ ನೆನಪಾಯಿತು. ಮೈನೆರೆದ ಮೇಲೆ ನನಗೆ ಬೀದಿಯ ಕುಂಟೆಬಿಲ್ಲೆ ನಿಂತಿತು. ಹಿತ್ತಲಲ್ಲಿ ಆಡಲು ಜಾಗ ಸಾಲದು. ಅಂಥದೊಂದು ಪೊದೆ ನಮ್ಮೂರಿನಲ್ಲಿ ಇದ್ದಿದ್ದರೆ ಇನ್ನೆರಡು ವರ್ಷವಾದರೂ ಕುಣಿಯುತ್ತಿದ್ದೆನೇನೋ.

ಇನ್ನು ರಸ್ತೆಯ ಮಾತು. ಹೆಲೆನ್ ಸ್ಟಾರೋ ಎಂಬ ಶ್ರೀಮಂತೆ, ಗಂಡ ತೀರಿಕೊಂಡ ಮೇಲೆ ಅವರ ನೆನಪಿಗೆ ಈ ದಂಡೆಯ ಉದ್ಯಾನವನ್ನು ಬೆಳೆಸಲು 10 ಲಕ್ಷ ಡಾಲರ್ ಕೊಟ್ಟರು. ಉದ್ಯಾನದ ಜೊತೆಗೆ ಹೆದ್ದಾರಿಯನ್ನೂ ಮಾಡುತ್ತೇವೆ ಎಂದು 1929ರಲ್ಲಿ ಮಾತೆದ್ದಾಗ ಆಕೆ ಕೂಡದು ಎಂದರು. ಯೋಜನೆಯಿಂದ ರಸ್ತೆಯನ್ನು ಕೈಬಿಟ್ಟರು. 1944ರಲ್ಲಿ ಆಕೆ ತೀರಿಕೊಂಡರು. 1949ರಲ್ಲಿ ರಸ್ತೆಗೆ ಒಪ್ಪಿಗೆ ಸಿಕ್ಕಿತು, 1951ರಲ್ಲಿ ಕಾರುಗಳು ಓಡಿದವು. ಚಾರ್ಲ್ಸ್‌ಬ್ಯಾಂಕಿನ ಬಹುಪಾಲು ಅದರಡಿ ಹೋಯಿತು. ಬದಲಿಗೆ ನದಿಗೆ ಮಣ್ಣು ತುಂಬಿ ಹೊಸ ಜಾಗ ಮಾಡಿಕೊಟ್ಟರು, ನಿಜ. ಆದರೆ ರಸ್ತೆಗೆ ಇಟ್ಟ ಹೆಸರೇನು ಗೊತ್ತೆ? ಸ್ಟಾರೋ ಡ್ರೈವ್. ಆಕೆಯ ಗಂಡನದೇ ಹೆಸರು!

ಮರುದಿನ ಸೇತುವೆ ದಾಟುವಾಗ ಕೆಳಗೆ ನೋಡಿ ಸ್ವಲ್ಪ ಹೊತ್ತು ನಿಂತೆ. "ಅಜ್ಜಿ, ಬೇಗ ಬಾ" ಎಂದು ಮೊಮ್ಮಗ ಸೆರಗು ಎಳೆದ. ಉದ್ಯಾನದಲ್ಲಿ ಅವನ ಪಕ್ಕದ ಉಯ್ಯಾಲೆ ಖಾಲಿ ಇತ್ತು. ಸುತ್ತ ಕಣ್ಣು ಹಾಯಿಸಿದೆ. ಮರೆಗೆ ಒಂದು ಪೊದೆಯೂ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೇಬಿಟ್ಟೆ.