ಹಳೆಯ ಸ್ಪೀಕರ್: ಕೆಟ್ಟಿರುವುದು ಅಂಚು ಮಾತ್ರ

1970-80ರ ದಶಕಗಳ ಸ್ಟೀರಿಯೊ ಸ್ಪೀಕರ್‌ಗಳು ಕರಕರ ಸದ್ದು ಮಾಡತೊಡಗಿದರೆ ಗುಜರಿಗೆ ಹಾಕುವವರೇ ಹೆಚ್ಚು. ಅನೇಕ ಸಂದರ್ಭಗಳಲ್ಲಿ ಇದು ಅವಸರದ ತೀರ್ಮಾನ. ಮಂದ್ರಸ್ವರ ಹೊರಡಿಸುವ ವೂಫರ್‌ನ ಕೋನ್ ಅನ್ನು ಲೋಹದ ಚೌಕಟ್ಟಿಗೆ ಹಿಡಿದಿಟ್ಟಿರುವ ಫೋಮ್ ಉಂಗುರವಷ್ಟೇ ಪುಡಿಯಾಗಿರುತ್ತದೆ. ಪಾಲಿಯುರೆಥೇನ್‌ನಿಂದ ಮಾಡಿದ ಈ ಫೋಮ್, ಬಳಸದೆ ಇಟ್ಟರೂ ಗಾಳಿಯ ತೇವಾಂಶಕ್ಕೆ ಸಿಕ್ಕಿ ಸಾಮಾನ್ಯವಾಗಿ 15-20 ವರ್ಷಗಳಲ್ಲಿ ಶಿಥಿಲಗೊಳ್ಳುತ್ತದೆ. ಅಮೆರಿಕದ ಅಕೌಸ್ಟಿಕ್ ರಿಸರ್ಚ್ ಕಂಪನಿ 1967ರಲ್ಲಿ ಬಿಡುಗಡೆ ಮಾಡಿದ ಹೆಸರಾಂತ ಎಆರ್-3ಎ ಸ್ಪೀಕರ್‌ಗೂ ಇದೇ ಗತಿ. ಬಟ್ಟೆ ಅಥವಾ ರಬ್ಬರ್ ಅಂಚಿನವು ಹೆಚ್ಚು ಕಾಲ ಬಾಳುತ್ತವೆ. ಅವುಗಳಿಗೆ ಫೋಮ್ ಹಾಕಿಸುವುದು ಸಲ್ಲದು.

ಹರಿದ ಅಂಚಿನೊಡನೆಯೇ ಜೋರಾಗಿ ನುಡಿಸಿದರೆ ವಾಯ್ಸ್ ಕಾಯಿಲ್ ಉಜ್ಜಿ ಹಾಳಾಗುತ್ತದೆ. ಆಗ ಖರ್ಚು ದುಬಾರಿ.

ದುರಸ್ತಿಗೆ ಹಳೆಯ ಫೋಮ್, ಅಂಟು ಎರಡನ್ನೂ ಕೆರೆದು ತೆಗೆದು ಹೊಸ ಉಂಗುರ ಅಂಟಿಸಬೇಕು. ವ್ಯಾಸ ಹೊಂದಿದರೆ ಸಾಲದು. ಉಂಗುರ ಬಿಗಿಯಾದರೆ ಮಂದ್ರ ಸೊರಗುತ್ತದೆ. ನಾಜೂಕಿನ ಕೆಲಸವೆಂದರೆ ಕೋನ್ ಅನ್ನು ನಟ್ಟನಡುವೆ ಕೂರಿಸುವುದು. ಅಂಟು ಆರುವ ಮುನ್ನ ಬೆರಳುಗಳಿಂದ ಮೆಲ್ಲಗೆ, ಸಮನಾಗಿ ಒತ್ತಿದಾಗ ಉಜ್ಜುವ ಸದ್ದು ಕೇಳಬಾರದು. ಜೋಡಿಯ ಎರಡಕ್ಕೂ ಒಟ್ಟಿಗೇ ಉಂಗುರ ಬದಲಿಸುವುದು ಲೇಸು.

ತಾರಸ್ವರ ಮಂಕಾಗಿದ್ದರೆ ಕ್ರಾಸ್‌ಓವರ್‌ನ ಹಳೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನೂ ಪರೀಕ್ಷಿಸಬೇಕು. ಬಳಿಕ ಎರಡೂ ಪೆಟ್ಟಿಗೆಗಳನ್ನು ಕೇಳುಗನಿಂದ ಸಮದೂರದಲ್ಲಿಡಬೇಕು. ಕೋಣೆಯ ಮೂಲೆಗೆ ಒತ್ತಿಟ್ಟರೆ ಮೃದಂಗದ ಎಡಭಾಗದ ನಾದ ಗುಂಯ್‌ಗುಟ್ಟುತ್ತದೆ. ತುಸು ಮುಂದಕ್ಕೆ ಎಳೆದರೆ ಸ್ಪಷ್ಟವಾಗುತ್ತದೆ.